ಸಾಲು ಬಿಟ್ಟು ಜಾಡು ಹಿಡಿದೆವು: ನನ್ನ ಅನುಭವ

ನಮ್ಮ ಸ್ವಯಂಸೇವಕ ಶೋಧ ಮತ್ತು ರಕ್ಷಣಾ ತಂಡಕ್ಕೆ ಈಗ ಹದಿಮೂರು ವರ್ಷ. ಹಗ್ಗ ಹಿಡಿದು ಬಂಡೆ ಹತ್ತುವ ಹುಚ್ಚಿದ್ದ ಏಳು ಮಂದಿ ಗೆಳೆಯರು ಇದನ್ನು ಕಟ್ಟಿದೆವು. ಕಾಡಿನಲ್ಲಿ ಯಾರಾದರೂ ಕಾಣೆಯಾದರೆ ಬೆಳಗಾಗುವವರೆಗೆ ಕಾದು, ಸಿಕ್ಕಷ್ಟು ಜನರನ್ನು ಐದೈದು ಮೀಟರಿಗೆ ಒಬ್ಬರಂತೆ ನಿಲ್ಲಿಸಿ ಕಾಡನ್ನು ಬಾಚುತ್ತಿದ್ದೆವು. ಅದರ ಬದಲು ರಾತ್ರಿಯೇ ಮೂವರು ಹೊರಟು ಹೆಜ್ಜೆಯ ಜಾಡು ಹಿಡಿಯಬೇಕೆಂದು ನಾನು ಹೇಳಿದಾಗ ನಕ್ಕವರಲ್ಲಿ ನಮ್ಮವರೇ ಹೆಚ್ಚು.

ನನ್ನ ಮನಸ್ಸು ಬದಲಾಗಿದ್ದು ಆರನೇ ವರ್ಷದ ಒಂದು ಸೋಲಿನಿಂದ. ಮರೆವಿನ ಕಾಯಿಲೆಯ ವೃದ್ಧರೊಬ್ಬರಿಗಾಗಿ ಅರವತ್ತು ಜನ ಎರಡು ದಿನ ಹುಡುಕಿದೆವು. ಮೂರನೆಯ ದಿನ ಅವರ ದೇಹ ಸಿಕ್ಕಿದ್ದು ನಮ್ಮ ಸಾಲು ಅದಾಗಲೇ ದಾಟಿಹೋಗಿದ್ದ ಪೊದೆಯೊಳಗೆ, ಕಾಲುದಾರಿಯಿಂದ ನಲವತ್ತು ಮೀಟರಿನಷ್ಟು ದೂರದಲ್ಲಿ. ಇಂಥವರು ಕೂಗಿದರೆ ಓಗೊಡುವುದು ಅಪರೂಪ, ಮುಳ್ಳುಪೊದೆಯೋ ಹಳ್ಳವೋ ತಡೆಯುವವರೆಗೆ ನಡೆಯುತ್ತಲೇ ಇರುತ್ತಾರೆ ಎಂಬುದು ಗೊತ್ತಿದ್ದೂ ನಾವು ಹೆಸರು ಕೂಗುತ್ತಾ ಮುಂದೆ ಹೋಗಿದ್ದೆವು.

ಆ ಮೇಲೆ ಹಳೆಯ ಬಟ್ಟೆ ತುಂಬಿದ ಹನ್ನೆರಡು ಬೊಂಬೆಗಳನ್ನು ಬಚ್ಚಿಟ್ಟು ನಮ್ಮನ್ನೇ ಪರೀಕ್ಷಿಸಿಕೊಂಡೆವು. ಇಪ್ಪತ್ತು ಜನರ ಸಾಲಿಗೆ ಸಿಕ್ಕಿದ್ದು ಐದೋ ಆರೋ. ನೀಲಿ ಅಂಗಿಯವು ಎಲ್ಲವೂ ಸಿಕ್ಕವು, ಕಂದು ಅಂಗಿಯದು ಒಂದೂ ಸಿಗಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡಬೇಕೆಂಬ ನಿಯಮ ತಂದ ಮೇಲೆ ಎಣಿಕೆ ಎಂಟಕ್ಕೆ ಏರಿತು.

ಹಣದ ವಿಷಯದಲ್ಲಿಯೂ ನಾವು ಜಾಣರಾಗಿರಲಿಲ್ಲ. ವರ್ಷದ ದೇಣಿಗೆಯ ಮೂರರಲ್ಲಿ ಎರಡು ಪಾಲನ್ನು ಶಾಖ ಗುರುತಿಸುವ ಕ್ಯಾಮೆರಾದ ಡ್ರೋನಿಗೆ ಸುರಿದೆವು, ಕೈ ಎತ್ತಿ ಒಪ್ಪಿದವರಲ್ಲಿ ನಾನೂ ಒಬ್ಬ. ಮಧ್ಯಾಹ್ನ ಕಾದ ಬಂಡೆಗಳೆಲ್ಲ ಮನುಷ್ಯರಂತೆ ಹೊಳೆದವು, ದಟ್ಟ ಎಲೆಗಳ ಕೆಳಗೆ ಏನೂ ಕಾಣಲಿಲ್ಲ. ಬಂಡೆಗಳು ತಣಿದ ಮುಂಜಾವದಲ್ಲಿ, ಅದೂ ಬಯಲಿನಲ್ಲಿ, ಅದು ಕೆಲಸಕ್ಕೆ ಬರುತ್ತದೆ. ಆ ವರ್ಷ ಸವೆದ ಹಗ್ಗಗಳನ್ನು ಬದಲಿಸಲು ಹಣವಿಲ್ಲದೆ, ಹಗ್ಗ ಬೇಕಾಗುವ ರಕ್ಷಣೆಯ ಕರೆಗಳನ್ನು ಪಕ್ಕದ ತಂಡಕ್ಕೆ ಬಿಟ್ಟುಕೊಡಬೇಕಾಯಿತು.

ಜಾಡಿಗೆ ಬೇಕಾದದ್ದು ಒಂದು ಕೋಲು, ಎರಡು ರಬ್ಬರ್ ಬ್ಯಾಂಡ್, ಒಳ್ಳೆಯ ಟಾರ್ಚ್. ಕೋಲಿನಲ್ಲಿ ಹೆಜ್ಜೆಯ ಅಂತರ ಮತ್ತು ಪಾದದ ಉದ್ದವನ್ನು ಗುರುತು ಮಾಡಿ, ಕೊನೆಯ ಹೆಜ್ಜೆಯಿಂದ ತುದಿಯನ್ನು ಬಿಲ್ಲಿನಂತೆ ತಿರುಗಿಸಿದರೆ ಮುಂದಿನದು ಎಲ್ಲಿರಬೇಕೆಂದು ತಿಳಿಯುತ್ತದೆ. ಟಾರ್ಚನ್ನು ನೆಲಕ್ಕೆ ತಾಗುವಷ್ಟು ಕೆಳಗಿಳಿಸಿ, ಹೆಜ್ಜೆಯ ಆಚೆಯಿಂದ ನಮ್ಮ ಕಡೆಗೆ ಬೆಳಕು ಬೀರಿದರೆ ಸಣ್ಣ ಗುಳಿಯೂ ನೆರಳು ಬಿಡುತ್ತದೆ, ಆದ್ದರಿಂದಲೇ ನಡುಹಗಲಿಗಿಂತ ರಾತ್ರಿ ಮೇಲು. ಹೆಜ್ಜೆ ಇಬ್ಬನಿಗೆ ಮೊದಲಿನದೋ ನಂತರದ್ದೋ ಎಂದು ನೋಡಲು ನಾವು ಮಾಡುವ ಒಂದು ಪುಟ್ಟ ಉಪಾಯವಿದೆ. ಅದನ್ನು ನಮ್ಮ ತರಬೇತಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಮೊದಲ ಮೂರು ಪ್ರಯತ್ನಗಳೂ ಸೋತವು. ಒಂದರಲ್ಲಿ, ಕಾಣೆಯಾದವರನ್ನು ಕೊನೆಯದಾಗಿ ಕಂಡ ಜಾಗಕ್ಕೆ ಟೇಪು ಕಟ್ಟುವ ಮೊದಲೇ ನಮ್ಮದೇ ಜೀಪು ಹೆಜ್ಜೆಗಳ ಮೇಲೆ ನಿಂತಿತ್ತು. ಇನ್ನೊಂದರಲ್ಲಿ ಮಳೆ ಬಂತು. ಮೂರನೆಯದು ನಾಚಿಕೆಗೇಡು: ನಾಲ್ಕು ಗಂಟೆ ಹಿಂಬಾಲಿಸಿದ ಹೆಜ್ಜೆ ನಮ್ಮದೇ ಸದಸ್ಯನದಾಗಿತ್ತು. ಅಂದಿನಿಂದ ನಮ್ಮೆಲ್ಲರ ಬೂಟಿನ ಹಿಮ್ಮಡಿಯಲ್ಲಿ ಒಂದು ಕಚ್ಚು ಕೊರೆದಿದ್ದೇವೆ.

ಈ ನಡುವೆ ಸಿಳ್ಳೆಯ ಪ್ರಯೋಗವನ್ನೂ ಮಾಡಿದೆವು. ವಾಕಿಟಾಕಿಯಲ್ಲಿ ಎಣಿಸಿ ಎಲ್ಲರೂ ಒಟ್ಟಿಗೆ ಊದಿ, ನಂತರ ಒಂದು ನಿಮಿಷ ಪೂರ್ತಿ ಮೌನವಾಗಿ ಕೇಳಿಸಿಕೊಳ್ಳುವುದು. ಗಾಳಿಯಿಲ್ಲದಿದ್ದಾಗ ಸುಮಾರು ಆರುನೂರು ಮೀಟರಿನಿಂದ ಉತ್ತರ ಕೇಳಿಸಿತು, ಗಾಳಿ ಎದುರಾದಾಗ ಅದರ ಅರ್ಧವೂ ಇಲ್ಲ. ಚಿಕ್ಕ ಮಕ್ಕಳು ಅಪರಿಚಿತರ ದನಿಗೆ ಹೆದರಿ ಅಡಗಿಕೊಳ್ಳುವುದುಂಟು, ಆದ್ದರಿಂದ ಮನೆಯಲ್ಲಿ ಕರೆಯುವ ಮುದ್ದಿನ ಹೆಸರನ್ನು ಕೇಳಿಕೊಂಡೇ ಹೊರಡುತ್ತೇವೆ.

ಕಳೆದ ವರ್ಷ ಯುವಕನೊಬ್ಬ ಚಾರಣದಿಂದ ಹಿಂತಿರುಗಲಿಲ್ಲ. ಎಲ್ಲಿ ಹುಡುಕಬೇಕೆಂದು ನಿರ್ಧರಿಸುವ ಮ್ಯಾಟ್ಸನ್ ವಿಧಾನದಂತೆ, ಅವನು ನಕ್ಷೆಯ ಯಾವ ಭಾಗದಲ್ಲಿರುವ ಸಾಧ್ಯತೆ ಎಷ್ಟೆಂದು ಪ್ರತಿಯೊಬ್ಬರೂ ಬೇರೆಬೇರೆಯಾಗಿ ಶೇಕಡಾವಾರು ಕೊಟ್ಟು ಸರಾಸರಿ ತೆಗೆದಾಗ, ದಕ್ಷಿಣದ ಹಳ್ಳಕ್ಕೆ ಬಂದದ್ದು ಬರೀ ಶೇಕಡಾ 5. ಅವನದೇ ಇನ್ನೊಂದು ಜೊತೆ ಬೂಟಿನಿಂದ ಅಡಿಯ ವಿನ್ಯಾಸವನ್ನು ಬರೆದುಕೊಂಡು, ರಾತ್ರಿ ಹತ್ತರ ಹೊತ್ತಿಗೆ ಮೂವರೇ ಹೊರಟು, ಸುತ್ತಲಿನ ಮಣ್ಣುರಸ್ತೆಯ ಅಂಚನ್ನಷ್ಟೇ ನೋಡುತ್ತಾ ನಡೆದೆವು. ರಸ್ತೆಯನ್ನು ದಾಟಿದ ಎರಡು ಹೆಜ್ಜೆಗಳು ಸಿಕ್ಕಿದ್ದು ಆ ಹಳ್ಳದ ಕಡೆಗೇ. ನಸುಕಿನ ನಾಲ್ಕರ ಸುಮಾರಿಗೆ ಕಣಕಾಲು ಮುರಿದುಕೊಂಡು ನೀರಿನ ಪಕ್ಕದಲ್ಲಿ ಕೂತಿದ್ದ ಅವನನ್ನು ಕಂಡೆವು. ಬೆಳಗಿನ ಸಾಲಿಗೆಂದು ಬಂದ ಐವತ್ತು ಜನರಿಗೆ ಸ್ಟ್ರೆಚರ್ ಹೊರುವ ಕೆಲಸ ಸಿಕ್ಕಿತು. ಅವರಲ್ಲಿ ಹಿಂದೆ ನಕ್ಕವರೂ ಇದ್ದರೆಂಬುದನ್ನು ನಾನು ಗಮನಿಸದೆ ಇರಲಿಲ್ಲ.

ಬಂಡೆಹಾಸಿನ ಮೇಲೆ ಮಾತ್ರ ನಮಗೆ ಇನ್ನೂ ಜಾಡು ತಪ್ಪುತ್ತದೆ. ಅಲ್ಲಿಗೆ ನಾಯಿಯನ್ನು ಪಳಗಿಸುತ್ತಿದ್ದೇವೆ, ಡ್ರೋನಿಗೆ ಕೇಳಿದ್ದ ಹೊಸ ಬ್ಯಾಟರಿಯ ಹಣ ಈ ಸಲ ನಾಯಿಯ ಪಾಲಾಗಿದೆ.