ಟರ್ಬೊ ಕಾರಿಗೆ ವೈಡ್‌ಬ್ಯಾಂಡ್ ಹಾಕುವ ಮುಂಚೆ ಕಾರಿನ ಕೆಳಗೆ ಮಲಗಿ

ವೈಡ್‌ಬ್ಯಾಂಡ್ ಅಂದರೆ ಹೊಗೆಯಲ್ಲಿನ ಆಕ್ಸಿಜನ್ ನೋಡಿ ಇಂಜಿನ್‌ನ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಅಂಕಿಯಲ್ಲಿ ಹೇಳುವ ಸೆನ್ಸರ್ ಮತ್ತು ಅದರ ಗೇಜ್. ಆ ಗೇಜ್ ಇರುವ ಡಬ್ಬ ಕೈಗೆ ಬಂದ ಕೂಡಲೇ ಎಲ್ಲರೂ ಡ್ಯಾಶ್‌ಬೋರ್ಡ್ ಕಡೆ ಹೋಗುತ್ತಾರೆ. ಎಲ್ಲಿಟ್ಟರೆ ಚೆನ್ನಾಗಿ ಕಾಣುತ್ತದೆ ಅಂತ ಹಿಡಿದು ನೋಡುತ್ತಾರೆ. ಆ ಕೆಲಸ ಕೊನೆಗಿರಲಿ. ಮೊದಲು ಕಾರಿನ ಕೆಳಗೆ ಮಲಗಿ ಸೈಲೆನ್ಸರ್ ಪೈಪ್ ನೋಡಿ. ಸೆನ್ಸರ್ ಕೂರುವ ಜಾಗ ಸರಿ ಇಲ್ಲದಿದ್ದರೆ ಮೇಲೆ ಕಾಣುವ ಅಂಕಿಗೆ ಬೆಲೆಯೇ ಇಲ್ಲ. ಆ ಅಂಕಿ ನಂಬಿಕೊಂಡೇ ಟ್ಯೂನರ್ ನಿಮ್ಮ ಇಂಜಿನ್‌ಗೆ ಎಷ್ಟು ಪೆಟ್ರೋಲ್ ಕೊಡಬೇಕು ಅಂತ ತೀರ್ಮಾನ ಮಾಡುವುದು.

ನನ್ನದು 2011ರ ಫಿಯೆಟ್ ಲೀನಿಯಾ ಟಿ-ಜೆಟ್. 1368 ಸಿಸಿ, ಶೋರೂಮಿನಿಂದ ಬಂದಾಗ 114 ಪಿಎಸ್. ಈಗ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಇಳಿಯುವ ಪೈಪ್) ಮತ್ತು ಇಂಟರ್‌ಕೂಲರ್ (ಟರ್ಬೊ ತಳ್ಳುವ ಗಾಳಿಯನ್ನು ತಣ್ಣಗೆ ಮಾಡುವುದು) ಬದಲಾಗಿವೆ, ರೀಮ್ಯಾಪ್ ಆಗಿದೆ, ಅಂದರೆ ಇಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾಗಿದೆ. ಬೂಸ್ಟ್, ಅಂದರೆ ಟರ್ಬೊ ಗಾಳಿ ತಳ್ಳುವ ಒತ್ತಡ, ಏರಿಸಿದ ಮೇಲೆ ಇಂಜಿನ್ ಒಳಗೆ ಏನು ನಡೆಯುತ್ತಿದೆ ಅಂತ ತಿಳಿಯದೆ ಓಡಿಸುವುದಕ್ಕೆ ನನಗೆ ಮನಸ್ಸಾಗಲಿಲ್ಲ.

ನ್ಯಾರೋಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹೇಳುವುದು ಒಂದೇ ಮಾತು: ಮಿಶ್ರಣ ಸರಿಸಮಕ್ಕಿಂತ ರಿಚ್ (ಪೆಟ್ರೋಲ್ ಜಾಸ್ತಿ) ಇದೆಯೋ, ಲೀನ್ (ಪೆಟ್ರೋಲ್ ಕಡಿಮೆ) ಇದೆಯೋ. ಸುಮಾರು 0.1 ವೋಲ್ಟ್ ಬಂದರೆ ಲೀನ್, 0.9 ಬಂದರೆ ರಿಚ್. ಎಷ್ಟು ರಿಚ್ ಅಂತ ಕೇಳಿದರೆ ಅದಕ್ಕೆ ಗೊತ್ತಿಲ್ಲ. ಟರ್ಬೊ ಪೂರ್ತಿ ಊದುತ್ತಿರುವಾಗ ನಮಗೆ ಬೇಕಾಗಿರುವುದೇ ಆ ಉತ್ತರ, ಅದನ್ನು ಕೊಡುವುದು ವೈಡ್‌ಬ್ಯಾಂಡ್. ಪೆಟ್ರೋಲ್ ಟರ್ಬೊ ಇಂಜಿನ್‌ಗೆ ಫುಲ್ ಬೂಸ್ಟ್‌ನಲ್ಲಿ ಲ್ಯಾಂಬ್ಡಾ (ಸರಿಸಮ ಮಿಶ್ರಣ ಅಂದರೆ 1, ಅದಕ್ಕಿಂತ ಕಡಿಮೆ ಅಂದರೆ ರಿಚ್) ಸಾಮಾನ್ಯವಾಗಿ 0.78ರಿಂದ 0.85ರ ಒಳಗಿರಬೇಕು. ಗೇಜ್ ತೋರಿಸುವುದು ತೂಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ ಅಂತ, ಅದರ ಮೇಲೆ ಇದು ಸುಮಾರು 11.5ರಿಂದ 12.5. ಅಲ್ಲಿ 14 ಕಂಡರೆ ತಕ್ಷಣ ಕಾಲು ತೆಗೆಯಿರಿ. ಲೀನ್ ಆಗಿ ನಾಕ್ (ಇಂಧನ ತಾನಾಗಿಯೇ ಸಿಡಿಯುವುದು) ಶುರುವಾದರೆ ಪಿಸ್ಟನ್ ಹಾಳಾಗಲು ಜಾಸ್ತಿ ಹೊತ್ತು ಬೇಕಿಲ್ಲ.

ನಾನು ಹಾಕಿರುವುದು ಎಇಎಂ ಎಕ್ಸ್-ಸೀರೀಸ್ ಗೇಜ್, 52 ಮಿ.ಮೀ. ಅಳತೆಯದು. ಅದರ ಜೊತೆ ಬರುವುದು ಬಾಷ್ ಎಲ್‌ಎಸ್‌ಯು 4.9 ಸೆನ್ಸರ್. ಮುಂದೆ ಬದಲಿಸುವಾಗ ಇದನ್ನು ನೆನಪಿಡಿ: ಹಳೆಯ 4.2 ಸೆನ್ಸರ್ ಇದರ ಜಾಗಕ್ಕೆ ನಡೆಯುವುದಿಲ್ಲ. ಸೆನ್ಸರ್‌ನ ಕನೆಕ್ಟರ್ ಕತ್ತರಿಸಿ ವೈರ್ ಉದ್ದ ಮಾಡಲೂ ಹೋಗಬೇಡಿ. ಆ ಸೆನ್ಸರ್‌ಗೆ ಹೊಂದಿಸಿದ ರೆಸಿಸ್ಟರ್ ಕನೆಕ್ಟರ್ ಒಳಗೇ ಇರುತ್ತದೆ.

ಈಗ ಜಾಗದ ವಿಷಯ. ಟರ್ಬೊಗಿಂತ ಮುಂಚೆ, ಮ್ಯಾನಿಫೋಲ್ಡ್‌ನಲ್ಲಿ ಬೇಡವೇ ಬೇಡ. ಅಲ್ಲಿ ಬಿಸಿ ಜಾಸ್ತಿ, ಒತ್ತಡವೂ ಜಾಸ್ತಿ. ಒತ್ತಡ ಏರಿದರೆ ಸೆನ್ಸರ್ ತಪ್ಪು ಓದುತ್ತದೆ. ಟರ್ಬೊ ದಾಟಿ ಕನಿಷ್ಠ 18 ಇಂಚು ಕೆಳಗೆ ಬನ್ನಿ, 24 ಇಂಚು ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಹೊಗೆ ಶುಚಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ (ಕ್ಯಾಟ್) ಮುಂಚೆಯೇ ಇರಬೇಕು, ಅದನ್ನು ದಾಟಿದ ಹೊಗೆ ಬದಲಾಗಿರುತ್ತದೆ. ಕ್ಯಾಟ್ ಟರ್ಬೊಗೆ ಅಂಟಿಕೊಂಡೇ ಇರುವ ಕಾರುಗಳಲ್ಲಿ ಇಷ್ಟು ಜಾಗ ಸಿಗುವುದು ಕಷ್ಟ. ನನ್ನ ಹೊಸ ಡೌನ್‌ಪೈಪ್‌ನಲ್ಲಿ ಕ್ಯಾಟ್ ಸ್ವಲ್ಪ ಕೆಳಗಿದೆ, ಹಾಗಾಗಿ 20 ಇಂಚು ಸಿಕ್ಕಿತು. ಕ್ಯಾಟ್ ತೆಗೆದೇ ಬಿಡಿ ಅಂದವರಿದ್ದರು. ನಾನು ಒಪ್ಪಲಿಲ್ಲ. ಆ ಹೊಗೆ ಕುಡಿಯುವವರು ಹಿಂದೆ ಸ್ಕೂಟರ್‌ನಲ್ಲಿ ಬರುತ್ತಿರುತ್ತಾರೆ.

ಪೈಪನ್ನು ಗಡಿಯಾರದ ಮುಖ ಅಂದುಕೊಳ್ಳಿ. ಸೆನ್ಸರ್ 10 ಗಂಟೆಯಿಂದ 2 ಗಂಟೆಯ ನಡುವೆ ಮೇಲಿನಿಂದ ಇಳಿಯಬೇಕು, ತುದಿ ಕೆಳಗೆ ನೋಡಬೇಕು. ತಣ್ಣಗಿನ ಪೈಪ್‌ನಲ್ಲಿ ನೀರು ಕಟ್ಟಿಕೊಂಡಿರುತ್ತದೆ. ಸೆನ್ಸರ್ ಒಳಗಿನ ಸೆರಾಮಿಕ್ ಕಾದಿರುವಾಗ ಒಂದು ಹನಿ ಬಿದ್ದರೂ ಬಿರುಕು ಬಿಡುತ್ತದೆ. ಇಗ್ನಿಶನ್ ಆನ್ ಆದರೆ ಸೆನ್ಸರ್‌ನ ಹೀಟರ್ ಕಾಯಲು ಶುರುವಾಗುತ್ತದೆ. ಇದೇ ಕಾರಣಕ್ಕೆ ಇಗ್ನಿಶನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಹಾಡು ಕೇಳುತ್ತಾ ಕೂರಬೇಡಿ.

ಜಾಗಕ್ಕೆ ಗುರುತು ಹಾಕಿಕೊಂಡು ಪೈಪ್ ಬಿಚ್ಚಿ. ನಾನು ಅದನ್ನು ಪೀಣ್ಯದ ಒಂದು ವರ್ಕ್‌ಶಾಪ್‌ಗೆ ತೆಗೆದುಕೊಂಡು ಹೋದೆ. ಸ್ಟೀಲ್ ಪೈಪ್‌ಗೆ ಸ್ಟೀಲ್ ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ, ಥ್ರೆಡ್ ಇರುವ ಬಳೆ), ಆರ್ಗಾನ್ ವೆಲ್ಡಿಂಗ್. ಬಂಗ್‌ನ ಥ್ರೆಡ್ ಎಂ18, ಪಿಚ್ 1.5. ವೆಲ್ಡ್ ಮಾಡುವಾಗ ಒಳಗೆ ಅದೇ ಥ್ರೆಡ್‌ನ ಹಳೆಯ ಬೋಲ್ಟ್ ತಿರುಗಿಸಿಟ್ಟಿರಲು ಹೇಳಿ, ಇಲ್ಲದಿದ್ದರೆ ಬಿಸಿಗೆ ಥ್ರೆಡ್ ಸೊಟ್ಟಗಾಗುತ್ತದೆ. ಹೊಸ ಸೆನ್ಸರನ್ನೇ ಹಾಕಿಟ್ಟು ವೆಲ್ಡ್ ಮಾಡಿಸಬೇಡಿ. ಪೈಪ್ ಕಾರಿನಲ್ಲೇ ಇರುವಾಗ ವೆಲ್ಡ್ ಮಾಡುವುದೇ ಆದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ.

ಪೈಪ್ ವಾಪಸ್ ಹಾಕುವಾಗ ಜಾಯಿಂಟ್‌ಗಳಿಗೆ ಹೊಸ ಪ್ಯಾಕಿಂಗ್ ಹಾಕಿ. ನಾನು ಇಲ್ಲಿ ಸೋತಿದ್ದೆ. ಟರ್ಬೊ ಪಕ್ಕದ ಪ್ಯಾಕಿಂಗ್ ನೋಡಲು ಚೆನ್ನಾಗಿದೆ ಅಂತ ಹಳೆಯದನ್ನೇ ಬಿಟ್ಟೆ. ಬಿಸಿಯಾದ ಮೇಲೆ ಐಡಲ್‌ನಲ್ಲಿ 14.7ರ ಹತ್ತಿರ ಇರಬೇಕಾದ ಅಂಕಿ 15.5 ತೋರಿಸುತ್ತಿತ್ತು. ಎರಡು ದಿನ ವೈರಿಂಗ್ ಹುಡುಕಿದೆ. ಕೊನೆಗೆ ತಣ್ಣಗಿನ ಇಂಜಿನ್‌ನಲ್ಲಿ ಸೈಲೆನ್ಸರ್ ತುದಿಗೆ ಬ್ಲೋವರ್ ಇಟ್ಟು ಗಾಳಿ ಊದಿ, ಜಾಯಿಂಟ್‌ಗೆಲ್ಲ ಸೋಪಿನ ನೀರು ಸವರಿದೆ. ಆ ಪ್ಯಾಕಿಂಗ್ ಹತ್ತಿರ ಗುಳ್ಳೆ ಎದ್ದಿತು. ಹೊಗೆ ಹೊರಗೆ ಹೋಗುವ ಸಂದಿನಲ್ಲೇ ಹೊರಗಿನ ಗಾಳಿಯೂ ಒಳಗೆ ಬರುತ್ತದೆ. ಸೆನ್ಸರ್ ಆ ಗಾಳಿಯ ಆಕ್ಸಿಜನ್ ನೋಡಿ ಲೀನ್ ಅನ್ನುತ್ತದೆ. ಅದು ಸುಳ್ಳು ಹೇಳುತ್ತಿರಲಿಲ್ಲ, ಅಲ್ವಾ? ತನ್ನ ಮುಂದೆ ಬಂದದ್ದನ್ನೇ ಹೇಳುತ್ತಿತ್ತು. ಲೀಕ್ ಮುಚ್ಚಲು ಸಾಮಾನ್ಯ ಸಿಲಿಕಾನ್ ಪೇಸ್ಟ್ ಹಚ್ಚಬೇಡಿ, ಅದರ ಆವಿ ಸೆನ್ಸರ್ ಕೆಡಿಸುತ್ತದೆ.

ಸೆನ್ಸರ್‌ಗೆ 22 ನಂಬರ್ ಸ್ಪ್ಯಾನರ್. ಥ್ರೆಡ್‌ಗೆ ಮಾತ್ರ ಆಂಟಿ-ಸೀಜ್ ಪೇಸ್ಟ್, ತುದಿಗೆ ತಾಗಬಾರದು. ಟಾರ್ಕ್ 40ರಿಂದ 60 ಎನ್‌ಎಂ. ಸೆನ್ಸರ್ ಕೂರಿಸಿದ ದಿನವೇ ವೈರಿಂಗ್ ಮುಗಿಸಿ. ಆಗದಿದ್ದರೆ ಅದನ್ನು ಬಿಚ್ಚಿ ಬಂಗ್‌ಗೆ ಬೋಲ್ಟ್ ಹಾಕಿ ಓಡಿಸಿ. ಕರೆಂಟ್ ಇಲ್ಲದೆ, ಹೀಟರ್ ಕಾಯದೆ ಹೊಗೆಯಲ್ಲಿ ಕೂತ ಸೆನ್ಸರ್ ಮಸಿ ಹಿಡಿದು ಸಾಯುತ್ತದೆ.

ವೈರ್ ಕ್ಯಾಬಿನ್ ಒಳಗೆ ಬರುವ ತೂತಿಗೆ ರಬ್ಬರ್ ಗ್ರೊಮೆಟ್ ಹಾಕಿ, ತಗಡಿನ ಅಂಚು ವೈರ್ ಕೊಯ್ಯಬಾರದು. ಡೌನ್‌ಪೈಪ್‌ನಿಂದ ದೂರ ಎಳೆದು ಹೀಟ್ ಸ್ಲೀವ್ ತೊಡಿಸಿ. ಇಂಜಿನ್ ಅಲುಗಾಡುತ್ತದೆ, ಸ್ವಲ್ಪ ಸಡಿಲ ಬಿಡಿ. ಪವರ್ ತೆಗೆಯುವಾಗ ಮಲ್ಟಿಮೀಟರ್ ಹಿಡಿದು ನೋಡಿ: ಇಗ್ನಿಶನ್ ಆನ್ ಆದಾಗ 12 ವೋಲ್ಟ್ ಬರಬೇಕು, ಸೆಲ್ಫ್ ಹೊಡೆಯುವಾಗಲೂ ಹೋಗಬಾರದು. ಸ್ಟೀರಿಯೋ ಲೈನ್ ಸೆಲ್ಫ್ ಹೊಡೆಯುವಾಗ ಕಟ್ ಆಗುತ್ತದೆ, ಅದು ಬೇಡ. ಗೇಜ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಫ್ಯೂಸ್ ಹಾಕಲೇಬೇಕು.

ಅರ್ಥ್ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಆದರೆ ಟ್ಯೂನ್ ಹಾಳಾಗುವುದು ಇಲ್ಲಿಯೇ. ಗೇಜ್‌ನಿಂದ ಇಸಿಯುಗೆ (ಇಂಜಿನ್ ಕಂಪ್ಯೂಟರ್) ಅಥವಾ ಲಾಗರ್‌ಗೆ (ಅಂಕಿ ಬರೆದಿಡುವ ಸಾಧನ) ಹೋಗುವುದು 0ರಿಂದ 5 ವೋಲ್ಟ್ ಸಿಗ್ನಲ್. ನನ್ನ ಗೇಜ್‌ನಲ್ಲಿ ವೋಲ್ಟನ್ನು 2.375ರಿಂದ ಗುಣಿಸಿ 7.3125 ಕೂಡಿದರೆ ಗಾಳಿ-ಇಂಧನದ ಅಂಕಿ ಸಿಗುತ್ತದೆ. ಗೇಜ್‌ನ ಅರ್ಥ್ ಒಂದು ಕಡೆ, ಲಾಗರ್‌ನದು ಇನ್ನೊಂದು ಕಡೆ ಇದ್ದು ನಡುವೆ ಬರೀ 0.1 ವೋಲ್ಟ್ ವ್ಯತ್ಯಾಸ ಬಂದರೂ ಅಂಕಿ 0.24 ತಪ್ಪುತ್ತದೆ. ಗೇಜ್ 12.0 ಅನ್ನುತ್ತದೆ, ಲ್ಯಾಪ್‌ಟಾಪ್ 12.2 ಅನ್ನುತ್ತದೆ. ಎರಡನ್ನೂ ಒಂದೇ ಅರ್ಥ್ ಪಾಯಿಂಟ್‌ಗೆ ಕೊಡಿ. ಸಿಗ್ನಲ್‌ಗೆ ಬೇರೆ ನೆಗೆಟಿವ್ ವೈರ್ ಕೊಟ್ಟಿದ್ದರೆ ಅದನ್ನೂ ಬಳಸಿ. ಆಮೇಲೆ ಎರಡು ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ.

ಜೊತೆಗೆ ಬೂಸ್ಟ್ ಗೇಜ್ ಹಾಕುವುದಿದ್ದರೆ ಹೋಸನ್ನು ಥ್ರಾಟಲ್ ದಾಟಿದ ಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ತೆಗೆಯಿರಿ. ಬ್ರೇಕ್ ಬೂಸ್ಟರ್ ಲೈನ್ ಮುಟ್ಟಬೇಡಿ. ಸಮುದ್ರ ಮಟ್ಟವನ್ನು ಸೊನ್ನೆ ಅಂತ ಹಿಡಿಯುವ ಎಲೆಕ್ಟ್ರಾನಿಕ್ ಗೇಜ್ ಆದರೆ ಬೆಂಗಳೂರಿನಲ್ಲಿ ಇಂಜಿನ್ ಆಫ್ ಇದ್ದಾಗಲೂ ಸುಮಾರು ಮೈನಸ್ 0.1 ಬಾರ್ ತೋರಿಸಬಹುದು. ನಾವಿರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಘಾಟಿ ಇಳಿದು ಮಂಗಳೂರಿಗೆ ಹೋದರೆ ಅದು ಸೊನ್ನೆಗೆ ಬರುತ್ತದೆ. ಗೇಜ್ ಕೆಟ್ಟಿಲ್ಲ.

ಈಗ ಡ್ಯಾಶ್‌ಬೋರ್ಡ್. ಎ-ಪಿಲ್ಲರ್‌ನಲ್ಲಿ (ಮುಂದಿನ ಗಾಜಿನ ಪಕ್ಕದ ಕಂಬ) ಕರ್ಟನ್ ಏರ್‌ಬ್ಯಾಗ್ ಇದ್ದರೆ ಅಲ್ಲಿ ಗೇಜ್ ಕೂರಿಸಬೇಡಿ. ನನ್ನದು ಸ್ಟೀರಿಂಗ್ ಪಕ್ಕದ ಎಸಿ ವೆಂಟ್‌ನಲ್ಲಿದೆ.

ಎಲ್ಲ ಮುಗಿದ ಮೇಲೆ ಇಂಜಿನ್ ಪೂರ್ತಿ ಬಿಸಿ ಮಾಡಿ, ಇಸಿಯುನ ಅಂಕಿ ಓದುವ ಒಬಿಡಿ ಸ್ಕ್ಯಾನರ್ ಹಾಕಿ. ಐಡಲ್‌ನಲ್ಲಿ ಇಸಿಯು ತನ್ನದೇ ಸೆನ್ಸರ್ ನೋಡಿಕೊಂಡು ಲ್ಯಾಂಬ್ಡಾ 1ರಲ್ಲಿ ಇಡುತ್ತಿರುತ್ತದೆ. ನಿಮ್ಮ ಗೇಜ್ ಕೂಡ ಅದರ ಆಚೀಚೆ ಆಡಬೇಕು. ಓಡಿಸುವಾಗ ಕಾಲು ಪೂರ್ತಿ ತೆಗೆದರೆ ಗೇಜ್ ಲೀನ್ ಕಡೆಯ ತುದಿಗೆ ಹೋಗುತ್ತದೆ. ಇಂಜಿನ್ ಪೆಟ್ರೋಲ್ ನಿಲ್ಲಿಸಿದೆ, ಅಷ್ಟೇ.

ಇನ್ನೊಂದು ಮುಖ್ಯ ಮಾತು ಇ20 ಬಗ್ಗೆ. ಬರೀ ಪೆಟ್ರೋಲ್‌ಗೆ ಸರಿಸಮ 14.7 ಆದರೆ, ಶೇ. 20 ಎಥನಾಲ್ ಸೇರಿದಾಗ ಅದು ಸುಮಾರು 13.5. ಹಾಗಂತ ಗೇಜ್ 13.5 ತೋರಿಸುವುದಿಲ್ಲ. ಸೆನ್ಸರ್ ಅಳೆಯುವುದು ಲ್ಯಾಂಬ್ಡಾ, ಗೇಜ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ. ಹಾಗಾಗಿ ಬಂಕ್‌ನಲ್ಲಿ ಏನೇ ತುಂಬಿದರೂ 14.7 ಅಂದರೆ ಲ್ಯಾಂಬ್ಡಾ 1, ಗೇಜ್‌ನ 12.0 ಅಂದರೆ ಲ್ಯಾಂಬ್ಡಾ 0.82. ಗೇಜ್‌ನಲ್ಲಿ ಲ್ಯಾಂಬ್ಡಾ ತೋರಿಸುವ ಸೆಟ್ಟಿಂಗ್ ಇದ್ದರೆ ಅದಕ್ಕೇ ಬದಲಿಸಿ. ನಾನೂ ಈಗ ಲ್ಯಾಂಬ್ಡಾಕ್ಕೇ ಬದಲಿಸಿದ್ದೇನೆ. ಟ್ಯೂನರ್ ಜೊತೆ ಮಾತಾಡುವಾಗಲೂ ಲ್ಯಾಂಬ್ಡಾದಲ್ಲೇ ಮಾತಾಡುತ್ತೇವೆ.

ಫುಲ್ ಬೂಸ್ಟ್‌ನ ಅಂಕಿಯನ್ನು ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಮೇಲೆ ನೋಡಿ. ರಸ್ತೆಯಲ್ಲಿ ಫುಲ್ ಥ್ರಾಟಲ್ ಒತ್ತಿ ಗೇಜ್ ನೋಡುತ್ತಾ ಹೋಗಬೇಡಿ. ಓಡಿಸುವವರ ಕಣ್ಣು ರಸ್ತೆ ಮೇಲಿರಬೇಕು, ಅಂಕಿಯನ್ನು ಲಾಗರ್ ಬರೆದುಕೊಳ್ಳುತ್ತದೆ.