ಗುಡ್ಡದ ಮರೆಯ ಮನೆಗೆ ನೆಟ್‌ವರ್ಕ್ ತರುವುದು ಹೇಗೆ?

ಕೊರೊನಾ ಲಾಕ್‌ಡೌನ್‌ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಕೊಡೆ ಹಿಡಿದು ಗುಡ್ಡ ಹತ್ತಿದ್ದು ನೆನಪಿದೆ ಅಲ್ವಾ? ಇವತ್ತಿಗೂ ಎಷ್ಟೋ ಮನೆಗಳಲ್ಲಿ ಫೋನ್ ಬಂದರೆ ಅಂಗಳದ ಮೂಲೆಗೆ ಓಡಬೇಕು. ಟವರ್ ಬೇಕು ಅಂತ ಅರ್ಜಿ ಕೊಡುತ್ತಲೇ ಇರಿ, ಬಿಡಬೇಡಿ. ಅಲ್ಲಿವರೆಗೆ, ಹೊರಗೆ ಎಲ್ಲೋ ಚೂರು ಸಿಗುವ ಸಿಗ್ನಲ್ಲನ್ನೇ ಮನೆಯೊಳಗೆ ತರಬಹುದು.

ಮೊದಲು ಅಳೆಯಿರಿ. ಫೋನಿನ ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ನೋಡಿ, ಅಲ್ಲಿ ಡಿಬಿಎಂ, ಅಂದರೆ ಸಿಗ್ನಲ್ ಶಕ್ತಿಯ ಲೆಕ್ಕ ಇರುತ್ತದೆ. ಸೊನ್ನೆಗೆ ಹತ್ತಿರ ಆದಷ್ಟೂ ಒಳ್ಳೇದು. 4ಜಿಯಲ್ಲಿ ಮೈನಸ್ 85 ಚೆನ್ನಾಗಿದೆ, ಮೈನಸ್ 110 ಕಷ್ಟ, ಮೈನಸ್ 120 ಅಂದರೆ ಇಲ್ಲ ಅಂತಲೇ ಲೆಕ್ಕ. ಜಗಲಿ, ಅಟ್ಟ, ಕೊಟ್ಟಿಗೆ ಮಾಡು, ತೋಟದ ದಿಬ್ಬ, ಎಲ್ಲ ಕಡೆ ಓಡಾಡಿ, ಬೇರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡಿ, ಚೀಟಿಯಲ್ಲಿ ಬರೆದುಕೊಳ್ಳಿ. ನಮ್ಮ ಜಗಲಿಯಲ್ಲಿ ಮೈನಸ್ 118 ಇತ್ತು, ಕೊಟ್ಟಿಗೆ ಮಾಡು ಹತ್ತಿದರೆ ಮೈನಸ್ 101. ಈ ಲೆಕ್ಕ ಹತ್ತು (ಹತ್ತು ಡಿಬಿ) ಸುಧಾರಿಸಿದರೆ ಸಿಗ್ನಲ್ ಶಕ್ತಿ ಹತ್ತು ಪಟ್ಟು ಆದ ಹಾಗೆ, ಹಾಗಾಗಿ ಇದು ಸಣ್ಣ ವ್ಯತ್ಯಾಸ ಅಲ್ಲ.

ಆಮೇಲೆ ಸಿಮ್ ಹಾಕುವ 4ಜಿ ರೂಟರ್ ಕೊಳ್ಳಿ. ಹೊರಗಿನ ಆಂಟೆನಾ ಸಿಕ್ಕಿಸುವ ಜಾಗ ಇದೆಯಾ ಅಂತ ಕೇಳಿಯೇ ದುಡ್ಡು ಕೊಡಿ. ಬಿಎಸ್‌ಎನ್‌ಎಲ್ ಸಿಮ್ ಹಾಕುವುದಾದರೆ ಬ್ಯಾಂಡ್ 28 ಇರುವ ರೂಟರ್ ನೋಡಿ, ಅದು 700 ಮೆಗಾಹರ್ಟ್ಸ್‌ನ ರೇಡಿಯೋ ತರಂಗ, ಮರಗಿಡಗಳ ನಡುವೆಯೂ ಜಾಸ್ತಿ ದೂರ ಬರುತ್ತದೆ.

ಒಂದೇ ದಿಕ್ಕಿಗೆ ಮುಖ ಮಾಡುವ ಆಂಟೆನಾ ತಂದು, ಚೀಟಿಯಲ್ಲಿ ಒಳ್ಳೆ ಲೆಕ್ಕ ಬಂದ ಜಾಗದಲ್ಲೇ ಪೈಪಿಗೆ ಕಟ್ಟಿ. ಒಬ್ಬರು ಮೇಲೆ, ಒಬ್ಬರು ಕೆಳಗೆ ಫೋನಿನಲ್ಲಿ ಸಿಗ್ನಲ್ ಲೆಕ್ಕ ತೋರಿಸುವ ರೂಟರ್ ಪೇಜ್ ನೋಡುತ್ತಾ ಇರಬೇಕು. ಚೂರು ತಿರುಗಿಸಿ, ಅರ್ಧ ನಿಮಿಷ ಕಾಯಿರಿ, ಮತ್ತೆ ಚೂರು ತಿರುಗಿಸಿ. ತಾಳ್ಮೆ ಬೇಕು, ನಮಗೆ ಒಂದು ಮಧ್ಯಾಹ್ನವೇ ಹಿಡಿಯಿತು. ಆಂಟೆನಾ ಕೇಬಲ್ ಉದ್ದ ಆದಷ್ಟೂ ಸಿಕ್ಕಿದ ಸಿಗ್ನಲ್ ಅದರಲ್ಲೇ ಸೋರಿಹೋಗುತ್ತದೆ. ಅದಕ್ಕೆ ರೂಟರನ್ನೂ ಆಂಟೆನಾ ಹತ್ತಿರವೇ, ಮಳೆ ತಾಗದ ಕಡೆ ಇಟ್ಟು, ಅಲ್ಲಿಂದ ಮನೆಗೆ ಲ್ಯಾನ್ ಕೇಬಲ್ ಎಳೆಯಿರಿ, ಅದು 100 ಮೀಟರ್‌ವರೆಗೂ ನಡೆಯುತ್ತದೆ. ಮನೆಯೊಳಗೆ ಆ ಕೇಬಲ್ಲಿಗೆ ಒಂದು ವೈಫೈ ರೂಟರ್ ಸಿಕ್ಕಿಸಿ.

ವೈಫೈ ಬಂದ ಮೇಲೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಮಾಮೂಲಿ ನಂಬರಿಗೆ ಬಂದ ಕಾಲ್ ಅಡುಗೆಮನೆಯಲ್ಲೇ ರಿಂಗ್ ಆಗುತ್ತದೆ! ಅಮ್ಮ ಈಗ ಒಲೆ ಮುಂದೆ ಕೂತೇ ಅಕ್ಕನ ಹತ್ತಿರ ಮಾತಾಡುತ್ತಾರೆ.

ಸಿಗ್ನಲ್ ಬೂಸ್ಟರ್ ಅಂತ ಮಾರುತ್ತಾರೆ, ತರಬೇಡಿ. ಅನುಮತಿ ಇಲ್ಲದೆ ಹಾಕುವುದು ಕಾನೂನಿಗೆ ವಿರುದ್ಧ, ಸುಮ್ನೆ ಇಡೀ ಊರಿನ ಟವರ್ ಸಿಗ್ನಲ್ಲೂ ಕೆಡುತ್ತದೆ.

ಕರೆಂಟ್ ಹೋದಾಗ ರೂಟರ್ ನಡೆಯಲು 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು, ನಿಮ್ಮ ರೂಟರಿಗೂ ಅಷ್ಟೇ ವೋಲ್ಟಾ ಅಂತ ನೋಡಿಕೊಳ್ಳಿ. ಮಳೆಗಾಲದ ಶುರುವಿನಲ್ಲಿ ಸಿಡಿಲು ಜಾಸ್ತಿ. ಮೋಡ ಕಟ್ಟುವಾಗಲೇ ಆಂಟೆನಾ, ಲ್ಯಾನ್, ಕರೆಂಟ್ ಮೂರೂ ಕಿತ್ತಿಡಿ, ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ.