ಸ್ಲೈಡ್ ಬಿಟ್ಟು ಪಕ್ಕದಲ್ಲಿ ಕೂತ ಮೇಲೆ

ಶಿಕ್ಷಕರಿಗೆ ಎಐ ಹೇಳಿಕೊಡಲು ಹೋದ ಮೊದಲ ದಿನ 60 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಎರಡು ಗಂಟೆ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ಹದಿನೈದು ದಿನ ಬಿಟ್ಟು ಹೋಗಿ ಕೇಳಿದರೆ ಒಬ್ಬರೂ ಬಳಸಿರಲಿಲ್ಲ. "ಪಾಸ್‌ವರ್ಡ್ ಮರೆತುಹೋಯ್ತು ಸರ್" ಅಂದರು ಒಬ್ಬರು. ಉಳಿದವರು ಅಷ್ಟೂ ಹೇಳಲಿಲ್ಲ.

ಆಮೇಲೆ ಸ್ಲೈಡ್ ಬಿಟ್ಟೆ. ಬಿಡುವಿನ ಪಿರಿಯಡ್‌ನಲ್ಲಿ ಒಬ್ಬೊಬ್ಬರ ಪಕ್ಕ ಕೂತು "ನಾಳೆ ಏನು ಪಾಠ ಮೇಡಂ?" ಅಂತ ಕೇಳತೊಡಗಿದೆ. ಕೀಬೋರ್ಡ್ ಅವರ ಕೈಯಲ್ಲೇ ಇರಬೇಕು, ನಾನು ಮುಟ್ಟಬಾರದು. ಇದು ನನಗೆ ನಾನೇ ಹಾಕಿಕೊಂಡ ನಿಯಮ. ಪಾಲಿಸೋದು ಕಷ್ಟ, ಕೈ ತುರಿಸುತ್ತೆ.

ಗಣಿತದ ಮೇಡಂಗೆ ಮರುದಿನ ಭಿನ್ನರಾಶಿ ಕೂಡುವ ಪಾಠ. ಐದು ಬಹು ಆಯ್ಕೆಯ ಪ್ರಶ್ನೆ ಬೇಕು ಅಂತ, ಕೇಳಿದ್ದನ್ನು ಬರೆದುಕೊಡುವ ಎಐ ಚಾಟ್‌ಜಿಪಿಟಿಗೆ ಬರೆದರು. ಥಟ್ಟನೆ ಬಂತು. 1/2 + 1/3 ಎಷ್ಟು? ಸರಿ ಉತ್ತರ 5/6. ತಪ್ಪು ಆಯ್ಕೆಗಳು 7/9, 4/11, ಹೀಗೆ ಏನೇನೋ. ಮೇಡಂ ಮೂಗು ಮುರಿದರು. "ನಮ್ಮ ಮಕ್ಕಳು ಹೀಗೆ ತಪ್ಪು ಮಾಡಲ್ಲ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಅಂತಾರೆ. ಇನ್ನು ಕೆಲವರು ಛೇದವನ್ನ 6 ಮಾಡಿ, ಅಂಶವನ್ನ ಹಾಗೇ ಬಿಟ್ಟು 2/6 ಅಂತಾರೆ."

"ಈಗ ಹೇಳಿದ್ದನ್ನೇ ಟೈಪ್ ಮಾಡಿ" ಅಂದೆ.

ಈ ಸಲ ಬಂದ ಪ್ರಶ್ನೆಗಳೇ ಬೇರೆ. ಪ್ರತಿ ತಪ್ಪು ಆಯ್ಕೆಯ ಹಿಂದೆಯೂ ಮಕ್ಕಳು ನಿಜವಾಗಿ ಮಾಡುವ ಒಂದು ತಪ್ಪಿತ್ತು. ಮರುದಿನ ಅವರು ಅವನ್ನು ಬೋರ್ಡ್ ಮೇಲೆ ಬರೆದರು, ಅಷ್ಟೇ. ತರಗತಿಯಲ್ಲಿ ಕಂಪ್ಯೂಟರೂ ಇಲ್ಲ, ಫೋನೂ ಇಲ್ಲ. ಯಾವ ಆಯ್ಕೆಗೆ ಎಷ್ಟು ಕೈ ಎದ್ದವು ಅಂತ ನೋಡಿದರೆ ಯಾರು ಎಲ್ಲಿ ಎಡವಿದ್ದಾರೆ ಅಂತ ಗೊತ್ತಾಗುತ್ತಿತ್ತು.

ಅಂದಹಾಗೆ, ಐದನೇ ಪ್ರಶ್ನೆಗೆ ಅದು ಕೊಟ್ಟಿದ್ದ ಉತ್ತರವೇ ತಪ್ಪಾಗಿತ್ತು. ನಾನು ಗಮನಿಸಿರಲಿಲ್ಲ, ಮೇಡಂ ಹಿಡಿದರು. ಆವತ್ತಿನ ಅವರ ನಗು ನನ್ನ 60 ಸ್ಲೈಡ್‌ಗಿಂತ ಜಾಸ್ತಿ ಕೆಲಸ ಮಾಡಿತು. ಈಗ ಯಾರ ಪಕ್ಕ ಕೂತರೂ, ಅವರ ವಿಷಯದಲ್ಲೇ ಅದರ ಒಂದು ತಪ್ಪು ಹಿಡಿಯಿರಿ ಅಂತ ಮೊದಲು ಕೇಳುತ್ತೇನೆ. ಎಐ ತಿಳಿದು ಹೇಳೋದಲ್ಲ, ಮುಂದೆ ಯಾವ ಪದ ಬರಬಹುದು ಅಂತ ಅಂದಾಜು ಮಾಡಿ ಪೋಣಿಸೋದು ಅನ್ನುವ ಮಾತು ಆಮೇಲೆ ತಾನಾಗೇ ತಲೆಗೆ ಹೋಗುತ್ತೆ.

ನಾನೂ ಎಡವಿದ್ದೇನೆ. ಒಬ್ಬರು ನನ್ನ ಕಣ್ಣೆದುರೇ ಇಡೀ ತರಗತಿಯ ಅಂಕಪಟ್ಟಿಯನ್ನು ಹೆಸರು ಸಮೇತ ಅದಕ್ಕೆ ಹಾಕಿಬಿಟ್ಟರು. ಮಕ್ಕಳ ವಿವರ ಹಾಕಬೇಡಿ ಅಂತ ನಾನು ಮೊದಲೇ ಹೇಳಬೇಕಿತ್ತು. ಈಗ ಅದನ್ನು ಹೇಳಿಯೇ ಶುರು ಮಾಡುತ್ತೇನೆ. ಮಕ್ಕಳೇ ಬಳಸಬಹುದಾ ಅಂತ ಕೇಳಿದರೆ ಯುನೆಸ್ಕೋದ 2023ರ ಮಾರ್ಗಸೂಚಿ ನೆನಪಿಸುತ್ತೇನೆ. ತರಗತಿಯಲ್ಲಿ ಬಳಸಲು ಕನಿಷ್ಠ 13 ವರ್ಷ ಆಗಿರಲಿ ಅನ್ನುತ್ತದೆ ಅದು.

ಇನ್ನೊಬ್ಬರು, ಹುಡುಗಿಯೊಬ್ಬಳ ಪ್ರಬಂಧವನ್ನು ಎಐ ಪತ್ತೆ ಮಾಡುವ ಯಂತ್ರಕ್ಕೆ ಹಾಕಿ, "ನಕಲು" ಅಂತ ಬಯ್ಯಲು ಹೊರಟಿದ್ದರು. ತಡೆದೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ 2023ರಲ್ಲಿ ಇಂಥದ್ದೊಂದನ್ನು ತಂದು, ನಿಖರತೆ ಸಾಲದೆ ಕೆಲವೇ ತಿಂಗಳಲ್ಲಿ ವಾಪಸ್ ತೆಗೆದುಕೊಂಡಿತ್ತು. ಅವರದೇ ಪರೀಕ್ಷೆಯಲ್ಲಿ ಮನುಷ್ಯರು ಬರೆದದ್ದರಲ್ಲಿ 9% ಬರಹವನ್ನು ಅದು ಯಂತ್ರದ್ದು ಅಂದಿತ್ತು. "ಅವಳನ್ನೇ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿ" ಅಂದೆ. ಕೇಳಿದರು. ಪಟಪಟ ಅಂತ ಹೇಳಿದಳಂತೆ.

ಒಬ್ಬ ಸಮಾಜ ಪಾಠದ ಸರ್ ಮಾತ್ರ ಇವತ್ತಿಗೂ ಕೀಬೋರ್ಡ್ ಮುಟ್ಟಿಲ್ಲ. ನಾನೂ ಒತ್ತಾಯ ಮಾಡಿಲ್ಲ. ಮೊನ್ನೆ ಅವರೇ ಬಂದರು. "ಇತಿಹಾಸದ ಒಂದು ಪುಟ ಅದರ ಹತ್ತಿರ ಬರೆಸಿ ಪ್ರಿಂಟ್ ಕೊಡಿ. ತಿದ್ದಬೇಡಿ. ಮಕ್ಕಳ ಕೈಗೆ ಕೆಂಪು ಪೆನ್ನು ಕೊಡ್ತೀನಿ."